ಕಾಳಿಯ ಕಲ್ಲು, ಮನೆಯ ಎಂಜಲು: ಮಂಡ್ಯ ಸೀಮೆಯಲ್ಲಿ ನಾಯಿ–ಬೆಕ್ಕುಗಳ ಊಟದ ಚರಿತ್ರೆ

ಮಂಡ್ಯ ಸೀಮೆಯ ನಾಯಿಗಳಿಗೆ ಸಂಬಂಧಿಸಿದ ಅತ್ಯಂತ ಪ್ರಸಿದ್ಧ ದಾಖಲೆಯಾದ ಆತಕೂರು ಶಾಸನವು ಹೊಗಳುವುದು ನಾಯಿಯ ಕೆಚ್ಚನ್ನು. ಕಟ್ಟಳೆ ವಿಧಿಸುವುದು ಮಾತ್ರ ಮನುಷ್ಯನ ಊಟಕ್ಕೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಶಕವರ್ಷ 872ಕ್ಕೆ, ಅಂದರೆ ಕ್ರಿ.ಶ. 949–50ಕ್ಕೆ ಸೇರಿದ್ದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧವನ್ನೂ, ಅದರಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ತಿಳಿಸುವುದರಿಂದ ಇದು ರಾಜಕೀಯ ಇತಿಹಾಸಕಾರರಿಗೆ ಬೇಕಾದ ಶಾಸನವಾಗಿದೆ. ಆದರೆ ಅದರ ನೆತ್ತಿಯ ಮೇಲೆ ಕಂಡರಿಸಿರುವುದು ಅರಸನನ್ನಲ್ಲ, ಕಾಡುಹಂದಿಯೊಡನೆ ಸೆಣಸುತ್ತಿರುವ ನಾಯಿಯನ್ನು. ಬೂತುಗನ ಕಡೆಯ ವೀರ ಮಣಲೆರನು ಆ ಯುದ್ಧದಲ್ಲಿ ಪರಾಕ್ರಮ ಮೆರೆದು, ಒಡೆಯನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಎದುರಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ನೆಲವನ್ನು ಬಿಡಲಾಯಿತು. ಖಂಡುಗವೆಂದರೆ ಇಪ್ಪತ್ತು ಕೊಳಗ ಕಾಳಿನ ಅಳತೆ. ಅಷ್ಟು ಬೀಜ ಬಿತ್ತಬಹುದಾದ ಭೂಮಿಯನ್ನೂ ಅದೇ ಹೆಸರಿನಿಂದ ಗುರುತಿಸುತ್ತಿದ್ದರು. ಕೆರೆಯ ಕೆಳಗಿನ ನೀರಾವರಿ ನೆಲವೆಂದರೆ ಅಂದಿಗೆ ಸಣ್ಣ ಕೊಡುಗೆಯಲ್ಲ.

ದತ್ತಿಯ ಷರತ್ತು ಕುತೂಹಲಕರವಾಗಿದೆ. ದೇಗುಲದ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುವನೆಂದು ಶಾಸನ ಎಚ್ಚರಿಸುತ್ತದೆ. ಹಂದಿಯನ್ನು ಕೊಂದ ನಾಯಿಗೆ ಪಾಪವೂ ಅಂಟಿದೆ, ಪೂಜೆಯೂ ಸಲ್ಲುತ್ತದೆ ಎಂಬ ಈ ನಿಲುವಿನಲ್ಲಿ ಬರೆಸಿದವರಿಗೆ ವಿರೋಧ ಕಂಡಂತಿಲ್ಲ. ಸತ್ತ ನಾಯಿಗೆ ನೆಲ ಬಿಟ್ಟವರು, ಆ ನಾಯಿ ಬದುಕಿದ್ದಾಗ ಏನು ತಿನ್ನುತ್ತಿತ್ತು, ಅದಕ್ಕೆ ಯಾರು ಹಾಕುತ್ತಿದ್ದರು ಎಂಬುದನ್ನು ಕಲ್ಲಿನ ಮೇಲೆ ಬರೆಯುವ ಸಂಗತಿಯೆಂದು ಭಾವಿಸಲಿಲ್ಲ. ಮುಂದಿನ ಒಂದು ಸಾವಿರ ವರ್ಷ ಈ ಸೀಮೆಯಲ್ಲಿ ನಡೆದು ಬಂದದ್ದೂ ಹೆಚ್ಚುಕಡಿಮೆ ಇದೇ: ನಾಯಿಯ ನಿಯತ್ತಿಗೆ ಮಾತಿನಲ್ಲಿ ಮನ್ನಣೆ, ಹೊಟ್ಟೆಗೆ ಉಳಿದದ್ದು. ಆದ್ದರಿಂದ ಇಲ್ಲಿನ ನಾಯಿ–ಬೆಕ್ಕುಗಳ ಆಹಾರದ ಚರಿತ್ರೆಯೆಂದರೆ ಮುಖ್ಯವಾಗಿ ಎಂಜಲಿನ ಚರಿತ್ರೆ. ಮನೆಯ ಅಡುಗೆ ಬದಲಾದ ಹಾಗೆಲ್ಲ ಎಂಜಲಿನ ಗುಣವೂ ಬದಲಾಯಿತು, ಅದರ ಲಾಭ ನಷ್ಟಗಳನ್ನು ಅಂಗಳದ ಪ್ರಾಣಿಗಳು ಅನುಭವಿಸಿದವು.

ನಾಯಿಯ ಊಟಕ್ಕೆ ಅಳತೆ ನಿಗದಿ ಮಾಡಿದ ಹಳೆಯ ಗ್ರಂಥವೊಂದು ಬೆಳಕು ಕಂಡದ್ದು ಈ ಪ್ರದೇಶದ ಮಗ್ಗುಲಲ್ಲೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಪ್ರತಿಯೊಂದರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜ್ಯದ ಉಗ್ರಾಣವನ್ನು ಕುರಿತ ಅಧ್ಯಾಯವು ನಾಯಿಗೆ ಒಂದು ಪ್ರಸ್ಥ ಅನ್ನವನ್ನೂ, ಹಂಸ, ನವಿಲುಗಳಿಗೆ ಅರ್ಧ ಪ್ರಸ್ಥವನ್ನೂ ನಿಗದಿ ಮಾಡುತ್ತದೆ. ನಾಲ್ಕು ಕುಡುಬ ಸೇರಿದರೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥ ಸೇರಿದರೆ ಒಂದು ಆಢಕ. ಅದೇ ಅಧ್ಯಾಯದಲ್ಲಿ ಆರ್ಯ ಪುರುಷನ ಒಂದು ಹೊತ್ತಿನ ಊಟಕ್ಕೂ ಒಂದು ಪ್ರಸ್ಥ ಅಕ್ಕಿಯೇ ಇದೆ; ಆದರೆ ಅವನ ಲೆಕ್ಕ ಅಕ್ಕಿಯದು, ನಾಯಿಯ ಲೆಕ್ಕ ಬೆಂದ ಅನ್ನದ್ದು, ಹಾಗಾಗಿ ಸಮಾನತೆ ಮೇಲ್ನೋಟದ್ದು ಮಾತ್ರ. ಅರಮನೆಯ ನಾಯಿಗೆ ಹೀಗೆ ಪಡಿ ಸಿಕ್ಕರೆ, ಗೃಹಸ್ಥನ ಮನೆಯ ನಾಯಿಗೆ ಧರ್ಮಶಾಸ್ತ್ರವು ಬಲಿಯನ್ನು ವಿಧಿಸಿತು: ಊಟಕ್ಕೆ ಮೊದಲು ನಾಯಿ, ಕಾಗೆ, ಹುಳು ಮತ್ತು ಸಮಾಜ ಹೊರಗಿಟ್ಟವರಿಗಾಗಿ ನೆಲದ ಮೇಲೆ ಮೆಲ್ಲಗೆ ಅನ್ನವಿಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಮನುಷ್ಯರನ್ನೂ ನಾಯಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಈ ವಿಧಿಯನ್ನು ಪ್ರಾಣಿದಯೆ ಎಂದಷ್ಟೇ ಓದಿಕೊಳ್ಳುವುದು ಕಷ್ಟ.

ರಾಜನಲ್ಲದ, ಶಾಸ್ತ್ರ ಓದದ ಒಕ್ಕಲು ಮನೆಗಳಲ್ಲಿ ನಡೆದ ವ್ಯವಹಾರ ಬೇರೆ. 1800ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಮದ್ದೂರು, ಮಂಡ್ಯಗಳ ಹಾದಿಯಲ್ಲಿ ಹೋದ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯ ಬೆದ್ದಲು ನೆಲಕ್ಕೆ ರಾಗಿಯೇ ಮುಖ್ಯ ಬೆಳೆಯೆಂದೂ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೂಡಿಡುತ್ತಾರೆಂದೂ ಬರೆದುಕೊಂಡಿದ್ದಾನೆ. ಮನೆಯವರು ರಾಗಿ ತಿಂದರೆ ಮನೆಯ ನಾಯಿಯೂ ರಾಗಿಯನ್ನೇ ತಿಂದಿತು. ಮುದ್ದೆ ತೊಳಸಿ ಕಟ್ಟಿದ ಮೇಲೆ ಮಡಕೆಯ ತಳದಲ್ಲಿ ಅಂಟಿಕೊಂಡ ಸೀಕಲು, ರಾತ್ರಿ ಮಿಕ್ಕ ತಂಗಳು ಮುದ್ದೆ, ಅಂಬಲಿಯ ಗಸಿ, ಹಬ್ಬಹರಿದಿನದಲ್ಲಿ ಮೂಳೆ ಇವು ನಾಯಿಯ ಪಾಲು. ಅಕ್ಕಿ ತೊಳೆದ ನೀರು, ಕಾಳಿನ ಹೊಟ್ಟು ಕಲೆತ ಕಲಗಚ್ಚು ಹಸು ಎಮ್ಮೆಗಳ ಪಾಲು; ಅದರಲ್ಲಿ ನಾಯಿ ಬಾಯಿಟ್ಟರೆ ಏಟು. ಹಿತ್ತಲ ಬಾಗಿಲ ಬಳಿ ಒಡೆದ ಮಡಕೆಯ ತಳವೋ ಕಲ್ಲಿನ ಮರಿಗೆಯೋ ನಾಯಿಯ ತಟ್ಟೆಯಾಗಿರುತ್ತಿತ್ತು, ಅದನ್ನು ತೊಳೆಯುವ ಕೆಲಸ ನಾಯಿಯ ನಾಲಿಗೆಯದೇ.

ಈ ಊಟವನ್ನು ಯಾರೂ ಯೋಚಿಸಿ ರೂಪಿಸಿದ್ದಲ್ಲ. ಆದರೂ ಅದು ನಾಯಿಯ ದೇಹಕ್ಕೆ ಬಹುಪಾಲು ಒಗ್ಗುವಂತಿತ್ತು. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಒಡೆಯುವ ಕಿಣ್ವಕ್ಕೆ ಕಾರಣವಾದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಾಗಿವೆ. ಬೇಸಾಯದ ಜನರ ಜೊತೆ ಬಾಳಿದ ಪ್ರಾಣಿ ಅವರ ಕಾಳನ್ನು ಅರಗಿಸಿಕೊಳ್ಳುವುದನ್ನು ಕಲಿತಿದೆ. ಚೆನ್ನಾಗಿ ಬೆಂದ ರಾಗಿಯ ಪಿಷ್ಟ ಹೀಗೆ ನಾಯಿಗೆ ಶಕ್ತಿ ಕೊಡುತ್ತದೆ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ಏಳು ಗ್ರಾಂ ಮಾತ್ರ ಇರುವ ಸಸಾರಜನಕ, ಅಂದರೆ ಮೈಯ ಮಾಂಸಖಂಡ ಕಟ್ಟುವ ಅಂಶ, ನಾಯಿಗೆ ಸಾಲುವುದಿಲ್ಲ. ಆ ಕೊರತೆಯನ್ನು ನಾಯಿ ಹೊಲದ ಇಲಿ, ಹೆಗ್ಗಣ, ಕುರಿಹಟ್ಟಿಯ ಕರುಳು ಕಸ, ಕೆರೆಯಂಚಿನ ಏಡಿಗಳಿಂದ ತಾನೇ ತುಂಬಿಕೊಳ್ಳುತ್ತಿತ್ತು. ಕಟ್ಟಿಹಾಕದೆ ಬಿಟ್ಟ ನಾಯಿಗೆ ಮಾತ್ರ ಇದು ಸಾಧ್ಯ. ಇಂದು ಸರಪಳಿಯಲ್ಲಿರುವ ನಾಯಿಗೆ ಬರೀ ಮುದ್ದೆ ಹಾಕಿ, ಹಿಂದೆಯೂ ನಾಯಿಗಳು ಇದನ್ನೇ ತಿಂದು ಗಟ್ಟಿಯಾಗಿದ್ದವಲ್ಲ ಎನ್ನುವವರು ಲೆಕ್ಕದ ಅರ್ಧವನ್ನು ಮರೆತಿರುತ್ತಾರೆ.

ಸಾರಿನ ವಿಷಯದಲ್ಲೂ ಹಳೆಯ ಅಡುಗೆ ಅರಿಯದೆಯೇ ಉಪಕಾರ ಮಾಡಿತ್ತು. ಮಂಡ್ಯ ಸೀಮೆಯ ಉಪ್ಪೆಸರು, ಅಂದರೆ ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟು, ತಾನಾಗಿ ಖಾರವಿಲ್ಲದ್ದು; ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಖಾರವನ್ನು ಬೇರೆಯಾಗಿಟ್ಟು, ಉಣ್ಣುವವನು ತನಗೆ ಬೇಕಾದಷ್ಟನ್ನು ತಟ್ಟೆಯಲ್ಲೇ ಕಲಸಿಕೊಳ್ಳುತ್ತಾನೆ. ಪಾತ್ರೆಯಲ್ಲಿ ಉಳಿದ ಕಟ್ಟಿನಲ್ಲಿ ಉಪ್ಪು ಹೊರತು ನಾಯಿಗೆ ಕೇಡಾಗುವಂಥದ್ದು ಹೆಚ್ಚಿರಲಿಲ್ಲ. ಬಸ್ಸಾರು ಹಾಗಲ್ಲ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ ಎಲ್ಲ ಅರೆದು ಕುದಿದಿರುತ್ತವೆ, ಆಮೇಲೆ ಬೇರ್ಪಡಿಸಲು ಬರುವುದಿಲ್ಲ.

ಎಂಜಲಿಗಿಂತ ಮೇಲಿನ ಊಟ ನಾಯಿಗೆ ಸಿಗುತ್ತಿದ್ದುದು ದೇವರ ಹೆಸರಿನಲ್ಲಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಕಾಲಭೈರವೇಶ್ವರನು ಈ ಭಾಗದ ಒಕ್ಕಲು ಕುಟುಂಬಗಳು ನಡೆದುಕೊಳ್ಳುವ ದೇವರು. ನಾಯಿ ಅವನ ವಾಹನವಾದ್ದರಿಂದ ಭೈರವನ ಭಕ್ತರಲ್ಲಿ ನಾಯಿಗೆ ಅನ್ನವಿಡುವುದು ಸೇವೆಯೆನಿಸಿದೆ. ಶಿವನ ರೂಪವಾದ ಮೈಲಾರಲಿಂಗನ ಗೊರವರಂತೂ ದೇವರ ನಾಯಿಗಳಾಗಿಯೇ ವರ್ತಿಸುತ್ತಾರೆ: ಭಕ್ತರು ದೋಣಿಯೆಂಬ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ ತುಂಬಿಸಿದಾಗ ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಅದಕ್ಕೆ ಬಾಯಿ ಹಾಕುತ್ತಾರೆ. ಮನುಷ್ಯರು ನಾಯಿಯಾಗಿ ಉಣ್ಣುವ ಈ ಊಟ ನಿಜವಾದ ನಾಯಿಯ ಮರಿಗೆಗೆ ಎಂದೂ ಬೀಳಲಿಲ್ಲ. ಬೀಳದಿದ್ದುದು ಒಳ್ಳೆಯದೇ ಆಯಿತು, ಏಕೆಂದರೆ ತುಪ್ಪದಂಥ ಜಿಡ್ಡು ಒಮ್ಮೆಲೇ ಹೆಚ್ಚಾಗಿ ಹೊಟ್ಟೆಗೆ ಹೋದರೆ ನಾಯಿಯ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಗುರಿಯಾಗಬಹುದು.

ಬೆಕ್ಕಿನ ಚರಿತ್ರೆ ಇದಕ್ಕೆ ತದ್ವಿರುದ್ಧವಾದುದು. ಬೆಕ್ಕಿಗೆ ಹಾಕುವುದೇ ತಪ್ಪು ಎಂಬ ಭಾವನೆ ಒಕ್ಕಲು ಮನೆಗಳಲ್ಲಿ ಬಲವಾಗಿತ್ತು. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದೆಂಬುದು ಅದರ ಹಿಂದಿನ ತರ್ಕ. ಹಗೇವು ತೆಗೆದಾಗ, ಕಣಜ ತುಂಬಿದಾಗ, ಕಣದಲ್ಲಿ ಮೆದೆ ಇದ್ದಾಗ ಇಲಿಗಳಿಗೆ ಬರವಿರಲಿಲ್ಲ. ಹಾಲು ಕರೆಯುವ ಹೊತ್ತಿಗೆ ಬಂದು ಕೂರುವ ಬೆಕ್ಕಿಗೆ ತೆಂಗಿನ ಕರಟದಲ್ಲಿ ಒಂದು ಗುಟುಕು ಹಾಲು ಸಿಕ್ಕರೆ ಅದೇ ಸಂಬಳ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕು ಊರೂರುಗಳನ್ನು ಖಾಲಿ ಮಾಡಿಸಿದ ಮೇಲೆ, ಇಲಿಗೂ ಆ ರೋಗಕ್ಕೂ ನಂಟಿದೆಯೆಂಬುದು ಖಚಿತವಾಗುತ್ತಿದ್ದಂತೆ, ಬೆಕ್ಕಿಗೆ ಆರೋಗ್ಯ ಇಲಾಖೆಯ ನೌಕರನ ಸ್ಥಾನ ಕೊಡಬೇಕೆಂಬ ವಾದವೂ ಹುಟ್ಟಿತು. ಮಧ್ಯಪ್ರಾಂತದಲ್ಲಿದ್ದ ಸೈನ್ಯವೈದ್ಯ ಆಂಡ್ರೂ ಬುಕಾನನ್, ಮೇಲೆ ಹೇಳಿದ ಪ್ರವಾಸಿಗಿಂತ ಬೇರೆಯವನು, ಬೆಕ್ಕು ಸಾಕಿದ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು 1908ರ ಸುಮಾರಿಗೆ ವೈದ್ಯಪತ್ರಿಕೆಗಳಲ್ಲಿ ಪ್ರತಿಪಾದಿಸಿದನು. ಇಲಿಯ ಮೈಮೇಲಿನ ಚಿಗಟದಿಂದ ಬೆಕ್ಕಿಗೂ ಪ್ಲೇಗು ತಗಲಬಹುದೆಂಬುದನ್ನು ಗಮನಿಸಿದರೆ ಆ ಉತ್ಸಾಹ ಅತಿಯಾಯಿತೆನ್ನಬೇಕು.

ಉಪವಾಸ ಕೆಡವಿ ದುಡಿಸಿಕೊಂಡ ಆ ಬೆಕ್ಕು, ಮುದ್ದಿನಿಂದ ಹಾಲನ್ನ ಉಣಿಸಿದ ಬೆಕ್ಕಿಗಿಂತ ಸರಿಯಾದ ಊಟ ಮಾಡುತ್ತಿತ್ತು ಎಂಬುದನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಸಂಶೋಧನೆ ತೋರಿಸಿಕೊಟ್ಟಿತು. ಟಾರಿನ್ ಎಂಬುದು ಪ್ರಾಣಿಗಳ ಮಾಂಸ, ಹೃದಯಗಳಲ್ಲಿ ಹೇರಳವಾಗಿದ್ದು ಕಾಳು, ಸೊಪ್ಪುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಪೋಷಕಾಂಶ. ನಾಯಿ ಅದನ್ನು ಸಾಮಾನ್ಯವಾಗಿ ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಆ ಸಾಮರ್ಥ್ಯ ಸಾಲದು. ಟಾರಿನ್ ಇಲ್ಲದ ಆಹಾರ ತಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ನಶಿಸುತ್ತದೆಂದು 1975ರಲ್ಲೂ, ಅದರ ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲೂ ಸಂಶೋಧಕರು ತೋರಿಸಿದರು. ಹೊಲದ ಇಲಿಯೊಂದರಲ್ಲಿ ಬೆಕ್ಕಿಗೆ ಬೇಕಾದ ಟಾರಿನ್, ಎ ಜೀವಸತ್ವ, ಕೊಬ್ಬು, ನೀರು ಎಲ್ಲವೂ ಇವೆ; ಮೊಸರನ್ನದಲ್ಲಿ ಇಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗದೆ ಭೇದಿಯೂ ಆಗುತ್ತದೆ. ಸಸ್ಯಾಹಾರಿ ಮನೆಗಳು ತಮ್ಮ ಆಚಾರವನ್ನು ಬೆಕ್ಕಿನ ಮೇಲೂ ಹೇರಿದರೆ, ಮೀನನ್ನೋ ಟಾರಿನ್ ಬೆರೆಸಿದ ಸಿದ್ಧ ಆಹಾರವನ್ನೋ ಕೊಡದ ಹೊರತು, ಅದು ಮೆಲ್ಲಗೆ ಕುರುಡಾಗುವುದನ್ನು ಭಕ್ತಿಯಿಂದ ತಪ್ಪಿಸಲಾಗದು. ಈಗ ಗದ್ದೆ ತೋಟಗಳಲ್ಲಿ ಇಲಿಗೆ ಬ್ರೊಮಾಡಿಯೋಲೋನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಿಡುವುದರಿಂದ, ಹಳೆಯ ಇಲಿಯೂಟವೂ ನಿರ್ಭಯವಾಗಿ ಉಳಿದಿಲ್ಲ. ವಿಷ ತಿಂದು ತೂಕಡಿಸುವ ಇಲಿಯೇ ಬೆಕ್ಕಿಗೆ ಸುಲಭದ ತುತ್ತು.

ಸೀಮೆಯ ಅಡುಗೆಮನೆಯನ್ನು ಬುಡಸಮೇತ ಬದಲಿಸಿದ್ದು ನೀರು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆ, ಅದರಿಂದ ಹೊರಟು ಮೊದಲು ಇರ್ವಿನ್ ನಾಲೆಯೆಂದೂ ಬಳಿಕ ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಸಿಕೊಂಡ ಕಾಲುವೆ, 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ ಇವೆಲ್ಲ ಸೇರಿ, ಬೆದ್ದಲು ರಾಗಿಯ ಊರುಗಳನ್ನು ಭತ್ತ, ಕಬ್ಬುಗಳ ಊರುಗಳನ್ನಾಗಿ ಮಾಡಿದವು; 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾದದ್ದೂ ಈ ಬದಲಾವಣೆಯ ಬೆನ್ನಿಗೆ. ರಾಗಿ ಪೂರ್ತಿ ಮರೆಯಾಗಲಿಲ್ಲ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟು ಅದರ ಇಳುವರಿಯನ್ನು ಹೆಚ್ಚಿಸಿದರು. ಆದರೂ ತಟ್ಟೆಯಲ್ಲಿ ಮುದ್ದೆಯ ಪಕ್ಕಕ್ಕೆ ಅನ್ನ ಬಂದು, ಮಿಗುವುದು ಅನ್ನವೇ ಆಯಿತು. ಆಲೆಮನೆಗಳ ಸುತ್ತಿನ ನಾಯಿಗಳಿಗೆ ಕೊಪ್ಪರಿಗೆಯ ಅಂಚಿನ ಪಾಕವೂ ಬೆಲ್ಲದ ಚೂರೂ ರುಚಿಯಾದವು. ನಾಯಿಗೆ ಸಿಹಿ ಗೊತ್ತಾಗುತ್ತದೆ, ಬೆಕ್ಕಿಗೆ ಗೊತ್ತಾಗುವುದಿಲ್ಲ. ಬೆಲ್ಲ ತಿಂದು ಬೊಜ್ಜು ಬರಿಸಿಕೊಳ್ಳುವ, ಹಲ್ಲು ಕೆಡಿಸಿಕೊಳ್ಳುವ ಅಪಾಯದಿಂದ ಬೆಕ್ಕು ಪಾರಾಗಲು ಕಾರಣ ಅದರ ವಿವೇಕವಲ್ಲ, ನಾಲಿಗೆಯ ರಚನೆ.

ರೈಲು ತಂದ ಬದಲಾವಣೆ ಚಿಕ್ಕದು, ಆದರೆ ಮದ್ದೂರಿನ ಮಟ್ಟಿಗೆ ಬಿಟ್ಟುಬಿಡುವಂಥದ್ದಲ್ಲ. ಬೆಂಗಳೂರು–ಮೈಸೂರು ಮಾರ್ಗ 1880ರ ದಶಕದ ಆರಂಭದಲ್ಲಿ ತೆರೆದುಕೊಂಡಿತು. ಮದ್ದೂರು ನಿಲ್ದಾಣದಲ್ಲಿ ಉಪಾಹಾರ ಮಾರುತ್ತಿದ್ದ ರಾಮಚಂದ್ರ ಬುಧ್ಯರು 1917ರಲ್ಲಿ ಅಲ್ಲಿನ ವಡೆಯನ್ನು ರೂಪಿಸಿದರೆಂಬುದು ಪ್ರಚಲಿತ ವೃತ್ತಾಂತ. ರವೆ, ಮೈದಾ, ಅಕ್ಕಿಹಿಟ್ಟಿಗೆ ಹೇರಳವಾಗಿ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು ಕಲಸಿ, ತಟ್ಟಿ, ಎಣ್ಣೆಯಲ್ಲಿ ಕರಿದ ಮದ್ದೂರು ವಡೆ ಎಂಜಲಿನ ಲೋಕಕ್ಕೆ ಹೊಸ ವಸ್ತುವೊಂದನ್ನು ಸೇರಿಸಿತು: ಪ್ರಯಾಣಿಕ ಅರ್ಧ ತಿಂದು ಪ್ಲಾಟ್‌ಫಾರಂ ನಾಯಿಗೆ ಎಸೆಯುವ ಚೂರು. ಈರುಳ್ಳಿಯಲ್ಲಿರುವ ಗಂಧಕಯುಕ್ತ ಅಂಶಗಳು ನಾಯಿ, ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಹಸಿಯಿರಲಿ, ಬೆಂದಿರಲಿ, ಕರಿದಿರಲಿ, ಒಣಗಿಸಿ ಪುಡಿ ಮಾಡಿರಲಿ, ಆ ಗುಣ ಹೋಗುವುದಿಲ್ಲ. ನಾಯಿಯ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ, ಬೆಕ್ಕಿಗೆ ಕಿಲೋಗೆ 5 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ಕೇಡು ಕಾಣಿಸಿಕೊಳ್ಳುತ್ತದೆಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಈ ಲೆಕ್ಕದಲ್ಲಿ ಒಂದು ವಡೆಯ ತುಂಡು ಹದಿನೈದು ಕಿಲೋದ ನಾಯಿಯನ್ನು ಕೊಲ್ಲುವುದಿಲ್ಲ, ಆದರೆ ಮೂರು ಕಿಲೋದ ಬೆಕ್ಕಿಗೆ ಹದಿನೈದೇ ಗ್ರಾಂ ಸಾಕು. ದಿನವೂ ಸ್ವಲ್ಪ ಸ್ವಲ್ಪವಾಗಿ ಸಾರಿನ ಮೂಲಕ ಹೋಗುವ ಈರುಳ್ಳಿಯೂ ಕೂಡಿಕೊಂಡು ಕೆಡುಕು ಮಾಡುತ್ತದೆ. ಬೆಳ್ಳುಳ್ಳಿಯದೂ ಇದೇ ಜಾತಿಯ ಗುಣ.

ಈರುಳ್ಳಿಯಷ್ಟೇ ಅಲ್ಲ, ದ್ರಾಕ್ಷಿ ತಿಂದರೂ ಕೆಲವು ನಾಯಿಗಳ ಮೂತ್ರಪಿಂಡ ಸೋಲುವುದನ್ನು ಅಮೆರಿಕದ ಪಶುವೈದ್ಯರು ಈ ಶತಮಾನದ ಆರಂಭದಲ್ಲಿ ಗುರುತಿಸಿದರು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂಬ ವಿಚಾರ 2021ರಲ್ಲಿ ಮುಂದೆ ಬಂತು. ಪಾಯಸದ ಒಣದ್ರಾಕ್ಷಿ ಹೀಗೆ ಸಂದೇಹಕ್ಕೆ ಒಳಗಾದದ್ದಷ್ಟೇ ಅಲ್ಲ, ಅದೇ ಆಮ್ಲ ತುಂಬಿರುವ ಹುಣಸೆಹಣ್ಣೂ ಪಟ್ಟಿಗೆ ಸೇರಿತು. ಹುಳಿಸಾರಿಲ್ಲದೆ ಊಟವಿಲ್ಲದ ಈ ಸೀಮೆಯಲ್ಲಿ ಇದು ಸಣ್ಣ ಸುದ್ದಿಯಲ್ಲವಾದರೂ ಅಂಗಳದವರೆಗೆ ಇನ್ನೂ ತಲುಪಿಲ್ಲ.

ಮಾಂಸದ ಪಾಲಿನಲ್ಲೂ ವ್ಯತ್ಯಾಸವಾಗಿದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಹೆಸರು ಕೊಟ್ಟ ಕುರಿತಳಿ, ಗಿಡ್ಡಗಾಲಿನ ದುಂಡನೆಯ ಮೈಯದು, ಜಿಡ್ಡು ಹೆಣೆದುಕೊಂಡ ಮಾಂಸಕ್ಕೆ ಹೆಸರಾದದ್ದು. ಕುರಿ ಕೊಯ್ದ ಮನೆಯ ನಾಯಿಗೆ ಹಿಂದೆ ಸಿಗುತ್ತಿದ್ದುದು ಬಹುಪಾಲು ಹಸಿ ಕರುಳು, ಗೊರಸು, ದಪ್ಪ ಮೂಳೆ. ಇಂದು ಮನೆಯಲ್ಲಿ ಮಿಗುವುದು ಮಸಾಲೆಯಲ್ಲಿ ಬೆಂದ ಫಾರಂ ಕೋಳಿಯ ಮೂಳೆ. ಬೆಂದ ಕೋಳಿಮೂಳೆ ಬಾಗದೆ ಚೂಪಾದ ಸೀಳುಗಳಾಗಿ ಮುರಿದು ಗಂಟಲು, ಕರುಳುಗಳನ್ನು ಗೀರುತ್ತದೆ ಅಥವಾ ಚುಚ್ಚುತ್ತದೆ; ಅದಕ್ಕೆ ಅಂಟಿದ ಈರುಳ್ಳಿ ಮಸಾಲೆ ಬೇರೆ. ಹಸಿ ಮಾಂಸದಲ್ಲಿ ರೋಗಾಣು, ಲಾಡಿಹುಳುಗಳ ಭಯವಿರುವುದರಿಂದ ಹಳೆಯ ಪದ್ಧತಿಯನ್ನೇ ಕಣ್ಣುಮುಚ್ಚಿ ಹಿಂಬಾಲಿಸಲೂ ಆಗದು.

ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ 1860ರ ದಶಕದಲ್ಲಿ ನಾಯಿಗೆಂದೇ ಬಿಸ್ಕತ್ತು ತಯಾರಿಸಿ ಮಾರಲಾರಂಭಿಸಿದಾಗ ಹುಟ್ಟಿದ ಉದ್ಯಮ ಮಂಡ್ಯದ ಅಂಗಡಿ ಸಾಲಿಗೆ ಬರಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಪೊಟ್ಟಣದ ಆಹಾರ ಇಂದು ಸಾಕಿದ ನಾಯಿಗೆ. ಬೀದಿಯ ನಾಯಿಗೆ ಮಾತ್ರ ಮನುಷ್ಯರ ಗ್ಲೂಕೋಸ್ ಬಿಸ್ಕತ್ತು, ಅದು ಸಕ್ಕರೆ ಮೈದಾಗಳ ಉಂಡೆಯೇ ಹೊರತು ಊಟವಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿಪ್ರಾಣಿಗಳಿಗೆ ಉಣಿಸುವ ಜಾಗ ಮಕ್ಕಳ ಆಟದ ತಾಣ, ಮೆಟ್ಟಿಲು, ಬಾಗಿಲುಗಳಿಂದ ದೂರವಿರಬೇಕೆಂದು ಹೇಳಿದವು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲೆಲ್ಲ ಅನ್ನ ಸುರಿಯುವುದನ್ನು ತಡೆದು, ಪ್ರತಿ ವಾರ್ಡಿನಲ್ಲೂ ಅದಕ್ಕೆಂದೇ ಸ್ಥಳ ಗುರುತಿಸುವಂತೆ ಪುರಸಭೆ, ನಗರಸಭೆಗಳಿಗೆ ಸೂಚಿಸಿತು. ಜಾಗವನ್ನು ಕಾನೂನು ಗೊತ್ತುಮಾಡಿದ ಮೇಲೂ ಪಾತ್ರೆಯೊಳಗೇನು ಎಂಬುದು ಉಣಿಸುವವರ ತಿಳಿವಳಿಕೆಗೆ ಬಿಟ್ಟದ್ದು. ಉಪ್ಪು, ಈರುಳ್ಳಿ ಹಾಕದೆ ಮೆತ್ತಗೆ ಬೇಯಿಸಿದ ಅನ್ನ ಅಥವಾ ಮುದ್ದೆಗೆ ಮೂಳೆ ಬಿಡಿಸಿದ ಕೋಳಿ ಮಾಂಸವನ್ನೋ ಬೆಂದ ಮೊಟ್ಟೆಯನ್ನೋ ಕಲೆಸಿ, ಪಕ್ಕದಲ್ಲಿ ನೀರಿಟ್ಟು, ತಿಂದು ಮುಗಿದ ಮೇಲೆ ಪಾತ್ರೆ ಎತ್ತಿ ತೊಳೆದರೆ ನಾಯಿಗೆ ಸಾಕು. ಅದೇ ಪಾತ್ರೆಯ ಪಕ್ಕಕ್ಕೆ ಬಂದು ಕೂರುವ ಬೆಕ್ಕಿಗೆ ಅನ್ನ ಬಿಟ್ಟು ಮಾಂಸವನ್ನಷ್ಟೇ ಬೇರೆಯಾಗಿ ಹಾಕಬೇಕು.